ಅಡ್ಡಹೆಸರು

ಗುಳೇದಗುಡ್ಡದ ಸಾಲಿ ಹಾಜರಿ ಪುಸ್ತಕದಾಗ
ನನ್ನ ಹೆಸರಿಗಿಂತ ಮೊದಲ ಬರತಿತ್ತು ಅಡ್ಡಹೆಸರು:
ಮಬ್ಬಣ್ಣವರ.
'ಮಬ್ಬಣ್ಣವರ ದಾನವ್ವ' ಅಂತ ಮಾಸ್ತರು ಕೂಗೂದಕ್ಕೂ
'ಹಾಜರ್ರೀ' ಅಂತ ನಾ ಏಳೂದಕ್ಕೂ ನಡುವ
ಒಂದು ನಗಿಗೆ ಸಾಕಾಗುವಷ್ಟು ಜಾಗ ಇರತಿತ್ತು.

ಮುತ್ಯಾನ ಮುತ್ಯಾ ಮಳಿಯಪ್ಪ ಏನ ಮಾಡಿದ್ದ?
ಅಪ್ಪ ಹೇಳತಿದ್ದ: ಖಾನೇಸುಮಾರಿಯವ ಬಂದು
'ಮನಿಯಾಗ ಎಷ್ಟ ಮಂದಿ' ಅಂದಾಗ
ಮಗ್ಗಾನೂ ಹಿಡದು ಎಂಟು ಅಂದನಂತ.
ಅತ್ತಿ ಹೇಳತಿದ್ದಳು: ಮಗ್ಗ ಅಲ್ಲೋ ಅಣ್ಣಾ,
ಹಿಂದಿನ ಶ್ರಾವಣದಾಗ ಸತ್ತ ಹೆಂಡತೀನ.
ಹಡಪದ ನಿಂಗಪ್ಪ ಕತ್ತಿ ಮಸಿಯುತ್ತ ಅಂತಿದ್ದ:
ಎರಡೂ ಸುಳ್ಳು.
ಊರು ಏಳೂದಕ್ಕಿಂತ ಮೊದಲ, ಇನ್ನೂ ಮಬ್ಬ ಇದ್ದಾಗ,
ಅವನ ಮಗ್ಗದ ಸಪ್ಪಳ ಕೇಳತಿತ್ತು. ಅದಕ್ಕ ಮಬ್ಬಣ್ಣ.

ಖರೆ ಯಾವದೋ.
ಊರಿಗೆ ಬೇಕಾದ ಅರ್ಥ ಊರ ಇಟಗೊಂಡಿತು,
ನಮಗ ಹೆಸರು ಉಳೀತು.

ಮೂರನೇ ಇಯತ್ತೆಯಾಗ ಕೇಳಿದರು, ಏಳೆಂಟ್ಲೆ ಎಷ್ಟು.
ಐವತ್ತಾರು ನಾಲಿಗಿ ತುದೀಗೆ ಬಂದು ಕುಂತಿತ್ತು.
ಬಾಯಿ ತಗಿಯೂದರೊಳಗ ಹಿಂದಿನ ಸಾಲು ನಕ್ಕಿತು.
ಅಷ್ಟು ಮಂದಿ ನಕ್ಕ ಮ್ಯಾಲ
ಸರಿ ಉತ್ತರ ಹೇಳಿ ಅವರ ನಗಿ ಕೆಡಸೂದು
ನನಗ್ಯಾಕೋ ಮರ್ಯಾದಿ ಅನಸಲಿಲ್ಲ.
ಐವತ್ನಾಕು ಅಂದೆ.
ಮಾಸ್ತರೂ ನಕ್ಕರು. ಛಡಿ ಮ್ಯಾಲೇಳಲಿಲ್ಲ.
'ಇವರಿಗೆ ಹೊಡದು ಏನ ಉಪಯೋಗ' ಅಂದರು.
ಅವತ್ತು ಕಲತೆ. ಪುಸ್ತಕದ್ದಲ್ಲ.

ಅದೂ ಒಂದು ವಿದ್ಯಾನ. ರೂಢಿ ಬೇಕು.
ಗೊತ್ತಿದ್ದದ್ದನ್ನ ಕಣ್ಣಿಗೆ ಬರಗೊಡದಂಗ ನುಂಗೂದು,
ತುಟಿ ಎಷ್ಟ ತೆರೀಬೇಕು, ಯಾವಾಗ ತಲಿ ತುರಸಬೇಕು.
ಹತ್ತನೇ ಇಯತ್ತೆಗೆ ಬರೂವಷ್ಟರಾಗ
ನಾಟಕ ಎಲ್ಲಿ ಮುಗೀತದ, ನಾ ಎಲ್ಲಿ ಸುರು ಆಗತೀನಿ
ನನಗ ಹತ್ತದಂಗ ಆಗಿತ್ತು.

ನೇಕಾರರ ಸಭಾದಾಗ ಒಬ್ಬ ದೊಡ್ಡ ಮನಷ್ಯಾ ಅಂದ:
ಬುದ್ಧಿಗೆ ಹಾಸು ಹುಟ್ಟಿನದು, ಹೊಕ್ಕು ಕಲಿಕೆಯದು.
ಚಪ್ಪಾಳಿ ಬಿದ್ದವು.
ನಲವತ್ತು ವರ್ಷ ಖಣ ನೇಯ್ದ ಅಪ್ಪ
ನನ್ನ ಕಿವಿಯಾಗ ಕೇಳಿದ:
'ಈತ ಎಂದರ ಮಗ್ಗದ ಕುಣಿಯಾಗ ಕಾಲ ಇಟ್ಟಾನೇನ?
ಎಳಿ ಹರದರ ಗಂಟ ಹಾಕತೀವಿ.
ಹಾಸಿಂದೋ ಹೊಕ್ಕಿಂದೋ ಅಂತ ಯಾರು ಕುಂತ ಕೇಳತಾರ,
ಹೊತ್ತ ಮುಳಗತದ.'

ತಮ್ಮ ಬಾದಾಮಿ ಕೋರ್ಟಿಗೆ ಹೋಗಿ
ಛಾಪಾ ಕಾಗದದ ಮ್ಯಾಲ ಮಬ್ಬಣ್ಣನ್ನ ತಗಿಸಿದ,
ಊರ ಹೆಸರನ್ನ ಅಡ್ಡಹೆಸರು ಮಾಡಕೊಂಡ.
ಕೆಳಗ ಸಹಿ ಮಾಡುವಾಗ ಹಳೇದ ಬರದ.
ವಕೀಲ ನಕ್ಕು ಇನ್ನೊಂದು ಕಾಗದ ತರಸಿದ.

ನನಗ ಕೋರ್ಟು ಬೇಕಾಗಲಿಲ್ಲ.
ಲಗ್ನ ಆಗಿ ವಿಜಯಪುರಕ್ಕ ಬಂದೆ, ತೇರದಾಳ ಆದೆ.
ಜಲನಗರದ ಈ ಓಣಿಯಾಗ
ಮಳಿಯಪ್ಪನ್ನ ಕಂಡವರಿಲ್ಲ, ಕೇಳಿದವರಿಲ್ಲ.
ಮಗಳು ಹುಟ್ಟಿದಳು. ಸಿಂಚನಾ ತೇರದಾಳ.
ಕಾಗದದಾಗ ಒಂದು ಕಲಿ ಇಲ್ಲ.

ಆದರ ಬ್ಯಾಂಕಿನ್ಯಾಗ, ಗ್ಯಾಸಿನ ಆಫೀಸಿನ್ಯಾಗ,
ನಾದಿನಿಯರು ಕುಂತ ಕಟ್ಟಿ ಮ್ಯಾಲ
'ನನಗೇನ ತಿಳೀತದರೀ' ಅಂತೀನಿ,
ಕೆಮ್ಮು ಬಂದಷ್ಟು ಸಲೀಸು.
ಭಾವನ ಭಿಶಿ ಲೆಕ್ಕದಾಗ ಎರಡ ಸಾವಿರ ಕಡಿಮಿ ಇದ್ದದ್ದು
ಚಾ ಸೋಸೂವಷ್ಟರಾಗ ಗೊತ್ತಾಗಿತ್ತು.
ಸಕ್ಕರಿ ಸಾಕೇನ್ರೀ ಅಂದೆ.

ಹೋದ ಐತವಾರ ಮಂದಿ ಕೂಡಿದ್ದರು.
ಭಾವ ಕೂಸಿನ ಗಲ್ಲ ಹಿಡದು ಕೇಳಿದ:
'ಏಳೆಂಟ್ಲೆ ಎಷ್ಟವ್ವಾ?'
ಹಿಂದಿನ ರಾತ್ರಿ ಹಾಸಿಗಿಯಾಗ
ಹನ್ನೆರಡರ ಮಗ್ಗೀತನಕ ತಡವರಿಸದ ಹೇಳಿದಾಕಿ
ಒಬ್ಬೊಬ್ಬರ ಮಾರಿ ನೋಡಿದಳು,
ಕಡೀಕ ನಂದು.
'ಐವತ್ನಾಕು.'
ಮನಿ ತುಂಬ ನಗಿ.
'ಥೇಟ್ ಅವ್ವನಂಗ. ರಕ್ತ ಎಲ್ಲಿ ಹೋಗತದ'
ಅಂದರು ಯಾರೋ, ಪ್ರೀತಿಲಿಂದನ.

ರಾತ್ರಿ ಭಾಂಡಿ ತಿಕ್ಕುವಾಗ ಕೇಳಿದೆ:
'ಗೊತ್ತಿತ್ತಲ್ಲ ನಿನಗ?'
'ಗೊತ್ತಿತ್ತು' ಅಂದಳು, ತಾಟು ಒರಸತ.
ಆಮ್ಯಾಲೆ ತಾಟು ಕೆಳಗಿಟ್ಟು
'ನಿನಗೂ ಗೊತ್ತಿತ್ತಲ್ಲಬೇ' ಅಂದಳು,
'ನೀ ಯಾಕ ಹೇಳಲಿಲ್ಲ?'